ಕೌದಿಯ ನಾಲ್ಕನೆಯ ಮೂಲೆ

ನನ್ನ ಗಂಡ ಮುರುಗೇಶ್ ಕಾಲುವೆ ಕಚೇರಿಯಲ್ಲಿ ನೀರಿನ ಮಟ್ಟ ಬರೆದಿಡುವ ಕೆಲಸದವರು. ಇಪ್ಪತ್ತೆಂಟು ವರ್ಷ ನೀರು ನೋಡಿ ನೋಡಿ ಅವರ ಬುದ್ಧಿಯೂ ಇಳಿಜಾರು ಸಿಕ್ಕ ಕಡೆ ಹರಿಯುವುದನ್ನು ಕಲಿತುಬಿಟ್ಟಿದೆ. ಯಾರು ಏನು ಕೇಳಿದರೂ ಅವರ ಬಾಯಿಂದ ಬರುವುದು "ಆತು ತಗೋರಿ" ಎಂಬ ಒಂದೇ ಮಾತು. ಮಗಳು ನರ್ಸಿಂಗ್ ಓದಲು ಬಳ್ಳಾರಿಯ ಹಾಸ್ಟೆಲ್ಲಿಗೆ ಹೋದ ವಾರವೇ ಕಾಲುವೆ ದಂಡೆಯಿಂದ ಎರಡು ನಾಯಿಮರಿಗಳು ಇವರ ಸೈಕಲ್ ಹಿಂದೆ ಓಡಿ ಬಂದವಂತೆ. ಅವಕ್ಕೂ "ಆತು ತಗೋರಿ" ಎಂದಿರಬೇಕು. ಹೊಸಪೇಟೆಯ ಹತ್ತಿರದ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಯ ಮನೆಗೆ ಬಂದು ಸೇರಿಕೊಂಡವು.

ಹೆಸರಿಡುವುದರಲ್ಲೂ ಅವರ ಕಲ್ಪನೆ ಕಚೇರಿಯ ಕಾಂಪೌಂಡ್ ದಾಟಲಿಲ್ಲ. ಕಂದು ಬಣ್ಣದ ಗಂಡಿಗೆ ಕ್ರಸ್ಟ್, ಕಪ್ಪು ಹೆಣ್ಣಿಗೆ ತೂಬು. ಒಂದು ಅಣೆಕಟ್ಟಿನ ಮೇಲಿನ ಗೇಟಿನ ಹೆಸರು, ಇನ್ನೊಂದು ಹೊಲಕ್ಕೆ ನೀರು ಬಿಡುವ ಕಿಂಡಿಯದು. ಹೆಸರು ಕೇಳಿ ನಕ್ಕವರೆಲ್ಲ ನಕ್ಕು ಅವರವರ ಮನೆಗೆ ಹೋದರು. ಆ ಎರಡನ್ನು ಮುಚ್ಚಿಡುವ ಪಾಡು ಮಾತ್ರ ನನ್ನ ಪಾಲಿಗೆ ಬಂತು.

ನಾನು ಹೊಲಿಗೆ ಮಾಡುವವಳು. ಮುಂದಿನ ಕೋಣೆಯ ಕಿಟಕಿಯ ಬಳಿ ನನ್ನ ಮಷೀನು. ಜಂಪರು, ಸೀರೆಗೆ ಫಾಲ್, ಶಾಲೆ ಮಕ್ಕಳ ಯೂನಿಫಾರಂ, ಹೀಗೆ ದಿನಕ್ಕೆ ಒಂದಿಷ್ಟು ಕೆಲಸ ಇದ್ದೇ ಇರುತ್ತದೆ. ಮಷೀನಿನ ಕೆಳಗೆ ತುಂಡು ಬಟ್ಟೆಯ ಒಂದು ಗೋಣಿಚೀಲವೇ ಇದೆ. ಆ ಚೀಲವನ್ನು ಈ ನಾಯಿಗಳು ಒಂದು ದಿನವೂ ಮೂಸಿ ನೋಡಿದ್ದಿಲ್ಲ. ಅವಕ್ಕೆ ಬೇಕಾದದ್ದು ಹೊಲಿದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆಯೇ. ಕಂಪ್ಲಿಯ ಮದುಮಗಳೊಬ್ಬಳ ಜಂಪರಿನ ಎಡತೋಳನ್ನು ಮಾತ್ರ ತಿಂದು ಬಲತೋಳನ್ನು ನನಗೆ ಬಿಟ್ಟಿದ್ದವು. ಒಮ್ಮೆ ತೂಬು ದಾರದ ಸಮೇತ ಬಾಬಿನ್ ನುಂಗಿತು. ಮೂರನೆಯ ದಿನ ಅದು ಹೇಗೆ ಹೊರಗೆ ಬಂತೆಂಬುದನ್ನು ಮರ್ಯಾದಸ್ಥರ ಮುಂದೆ ಹೇಳುವಂತಿಲ್ಲ.

"ಪಾಪ, ಅವಕ್ಕೇನು ಗೊತ್ತಾಗತೈತಿ, ಗಂಗಾ," ಎನ್ನುವರು ಮುರುಗೇಶ್.

"ನಿಮಗೂ ಗೊತ್ತಾಗಂಗಿಲ್ಲ, ಅವಕ್ಕೂ ಗೊತ್ತಾಗಂಗಿಲ್ಲ. ಈ ಮನ್ಯಾಗ ಗೊತ್ತಾಗೋದು ನನಗೊಬ್ಬಾಕಿಗೆ," ಎಂದು ನಾನು ಅನ್ನುತ್ತಿದ್ದೆ. ಆಗ ನನಗೆ ಅದು ನಿಜವೆಂದೇ ಅನ್ನಿಸಿತ್ತು.

ಹೋದ ವರ್ಷ ಇಂಜಿನಿಯರ್ ಪ್ರಭಂಜನ ಅವರು ವರ್ಗವಾಗಿ ನಮ್ಮ ಕಚೇರಿಗೆ ಬಂದರು. ನಮ್ಮ ಹಿಂದಿನ ಸಾಲಿನ ದೊಡ್ಡ ಕ್ವಾರ್ಟರ್ಸು ಅವರದು. ಅವರ ಹೆಂಡತಿ ಶ್ರೀವಾಣಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಮಾಡಲು ಕೆಲಸವಿಲ್ಲ, ಮಾಡುವ ಉತ್ಸಾಹ ಮಾತ್ರ ಬೆಟ್ಟದಷ್ಟು. ಬಂದ ತಿಂಗಳೊಳಗೆ ಫೋನಿನಲ್ಲಿ ನೋಡಿ ನೋಡಿ ಹೊಲಿಗೆ ಕಲಿಯಲು ಹೊರಟರು. ಅವರ ಮಷೀನಿಗೆ ಟಿವಿಯಂಥ ಪರದೆ ಇತ್ತು. ಮುನ್ನೂರು ನಮೂನೆಯ ಹೊಲಿಗೆ ಹಾಕುತ್ತದಂತೆ. ಶ್ರೀವಾಣಿಗೆ ನೆಟ್ಟಗಿನ ಒಂದು ಹೊಲಿಗೆಯೂ ಬರುತ್ತಿರಲಿಲ್ಲ.

ಆಕೆ ಮೊದಲು ಮಿಕ್ಸಿಗೆ ಅಂಗಿ ಹೊಲಿದರು. ಆಮೇಲೆ ರಿಮೋಟಿಗೆ ಚೀಲ. ಅದಾದ ಮೇಲೆ ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಹೊಸಪೇಟೆಯ ಬಿಸಿಲಿನಲ್ಲಿ ಮನುಷ್ಯರೇ ಮೈಮೇಲಿನ ಬಟ್ಟೆ ಭಾರವೆಂದು ಒದ್ದಾಡುವಾಗ ಸಿಲಿಂಡರಿಗೆ ಲಂಗ ಉಡಿಸುವ ಯೋಚನೆ ಹೊಟ್ಟೆ ತುಂಬಿದವರಿಗೆ ಮಾತ್ರ ಬರಲು ಸಾಧ್ಯ. ಇಷ್ಟಾಗಿ ಯಾವುದೂ ಅವರ ಕೈಯಲ್ಲಿ ಮುಗಿಯುತ್ತಿರಲಿಲ್ಲ. ಅರ್ಧ ಕತ್ತರಿಸಿ, ಕಾಲು ಹೊಲಿದು, ದಾರ ಸಿಕ್ಕಾದ ಮೇಲೆ ಅದನ್ನೆಲ್ಲ ಒಂದು ಬುಟ್ಟಿಗೆ ತುಂಬಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು.

"ಗಂಗಕ್ಕ, ಸ್ವಲ್ಪ ಫಿನಿಶಿಂಗ್ ಅದರಿ. ನೋಡ್ತೀರೇನು?"

ಆ ಫಿನಿಶಿಂಗ್ ಎಂದರೆ ಎಲ್ಲ ಬಿಚ್ಚಿ ಮೊದಲಿನಿಂದ ಹೊಲಿಯುವುದು. ಒಲ್ಲೆ ಎನ್ನೋಣವೆಂದರೆ ಮುರುಗೇಶ್ ಅಡುಗೆಮನೆ ಬಾಗಿಲಿನಿಂದ ಕಣ್ಣಲ್ಲೇ ಕೈ ಮುಗಿಯುತ್ತಿದ್ದರು. ಸಾಹೇಬರ ಹೆಂಡತಿ! ಸಿಲಿಂಡರಿನ ಲಂಗ ನಾನೇ ಹೊಲಿದುಕೊಟ್ಟೆ. ಎರಡು ದಿನದ ಮೇಲೆ ಅವರ ಮನೆಯ ಅರಿಶಿಣ ಕುಂಕುಮಕ್ಕೆ ಹೋದಾಗ ನನ್ನ ಕಿವಿಯಾರೆ ಕೇಳಿದೆ, ಬಂದ ಹೆಂಗಸರಿಗೆಲ್ಲ ಅದನ್ನು ತೋರಿಸಿ ಆಕೆ, "ನಾನ ಹೊಲದದ್ದು," ಎನ್ನುತ್ತಿದ್ದರು. ಹೆಂಗಸರು "ಎಷ್ಟು ಚೆಂದ" ಎನ್ನುತ್ತಿದ್ದರು. ನಾನು ಉಂಡೆ ತಿಂದು ಎದ್ದು ಬಂದೆ. ಅವತ್ತಿನಿಂದ ಆಕೆಯ ಮುಖ ನೋಡಿದರೆ ನನಗೆ ಆ ಲಂಗವೇ ಕಾಣುತ್ತಿತ್ತು.

ದೀಪಾವಳಿ ಕಳೆದ ಮೇಲೆ ಶ್ರೀವಾಣಿ ಬುಟ್ಟಿ ಇಲ್ಲದೆ ಬಂದರು. ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಇದೆಯಂತೆ. ಅದಕ್ಕೆ ಒಂದು ಕೌದಿ ಬೇಕಂತೆ.

ಕೌದಿ! ಹಂಪಿಯ ಅಂಗಡಿಗಳಲ್ಲಿ ಪರದೇಶದವರು ಕೌದಿಯನ್ನು ಮುಟ್ಟಿ ಮುಟ್ಟಿ ನೋಡತೊಡಗಿದ ಮೇಲೆ ನಮ್ಮ ಕಡೆಯ ದೊಡ್ಡವರಿಗೂ ಅದರ ಮೇಲೆ ಪ್ರೀತಿ ಹುಟ್ಟಿದೆ. ಅಲ್ಲಿಯವರೆಗೆ ಅದು ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ತುಂಡು ಬಟ್ಟೆ ಹಚ್ಚಿ ಬಡವರು ಹೊಲಿದುಕೊಂಡು ಹೊದೆಯುವ ವಸ್ತು. ನೆಂಟರು ಬಂದರೆ ಒಳಗೆ ಬಚ್ಚಿಡುವಂಥದ್ದು. ನನ್ನ ತವರು ಸಂಡೂರು. ಅವ್ವ ಮಳೆಗಾಲಕ್ಕೆ ಒಂದರಂತೆ ಕೌದಿ ಹೊಲಿಯುತ್ತಿದ್ದಳು. ನನಗೆ ಕೈ ಹೊಲಿಗೆ ಕಲಿಸಿದ್ದೂ ಅವಳೇ.

"ನಿಮಗ ಬರ್ತದಲ್ಲ ಗಂಗಕ್ಕ? ಇಬ್ಬರೂ ಕೂಡಿ ಮಾಡೂಣು," ಎಂದರು ಶ್ರೀವಾಣಿ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮುರುಗೇಶ್, "ಆತು ತಗೋರಿ ಮೇಡಂ," ಎಂದರು.

ಇಬ್ಬರೂ ಕೂಡಿ ಮಾಡಿದ್ದು ಹೀಗೆ: ಅವರು ದಿನಾ ಮಧ್ಯಾಹ್ನ ಬಂದು ಚಾಪೆಯ ಮೇಲೆ ಕೂತು ಮಾತಾಡಿದರು, ನಾನು ಹೊಲಿದೆ. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು, ಅದೂ ಮೂರು ಸಲ ಎಂಜಲು ಹಚ್ಚಿ. ಆಗಾಗ ಫೋನ್ ಎತ್ತಿ ನನ್ನ ಕೈಯ, ಕೌದಿಯ ಫೋಟೋ ತೆಗೆಯುತ್ತಿದ್ದರು. ನಾಯಿಗಳ ಹೊಟ್ಟೆ ತುರಿಸುತ್ತಿದ್ದರು. ನನ್ನನ್ನು ಕಂಡರೆ ಓಡುವ ಕ್ರಸ್ಟ್ ಅವರ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು.

ಎರಡು ತಿಂಗಳು ಹಿಡಿಯಿತು. ಹೊಸ ಬಟ್ಟೆ ಹಾಕಿದರೆ ಕೌದಿ ಬಿರುಸಾಗುತ್ತದೆ, ಮೈಗೆ ಹತ್ತುವುದಿಲ್ಲ. ಅದಕ್ಕೆ ಟ್ರಂಕಿನಲ್ಲಿದ್ದ ಅವ್ವನ ಎರಡು ಇಲಕಲ್ ಸೀರೆ ತೆಗೆದು ಒಳಗೆ ಹಾಸಿದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಕೆಲಸ ಶುರುವಾದ ಮೇಲೆ ಕೈಗೆ ಯಾರ ಮನೆಯದು ಎಂಬ ಲೆಕ್ಕ ಇರುವುದಿಲ್ಲ. ಅಂಚಿನಿಂದ ಶುರುಮಾಡಿ ಸಾಲಿಗೊಂದು ಸಾಲು ಸುತ್ತುತ್ತ ನಡುವಿಗೆ ಬಂದೆ. ನಾಲ್ಕು ಮೂಲೆಗೆ ನಾಲ್ಕು ತ್ರಿಕೋನ. ನಾಲ್ಕನೆಯದಕ್ಕೆ ಅವ್ವನ ಸೀರೆಯ ಕೆಂಪು ದಡಿಯನ್ನೇ ಕತ್ತರಿಸಿ ಹಚ್ಚಿದೆ. ಮುಗಿದ ದಿನ ಅದನ್ನು ಅಂಗಳದಲ್ಲಿ ಹರವಿ ನೋಡಿದಾಗ ನಾನು ಅಂಥದ್ದನ್ನು ಹಿಂದೆ ಹೊಲಿದಿಲ್ಲ, ಮುಂದೆ ಹೊಲಿಯುವುದೂ ಇಲ್ಲ ಅನ್ನಿಸಿತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಶ್ರೀವಾಣಿಯ ಮನೆಗೆ ಮೊಸರಿನ ಪಾತ್ರೆ ಹಿಂದಿರುಗಿಸಲು ಹೋದೆ. ಆಕೆ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಹೌದ್ರಿ, ಕೌದಿ ನಮ್ಮದ. ಎರಡು ತಿಂಗಳು ಕೂತು ಮಾಡೇವಿ. ಹೆಸರೂ ಬರಸಿ ಬಂದೀನಿ."

ನಾನು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಬಂದುಬಿಟ್ಟೆ.

ಮನೆಗೆ ಬಂದವಳೇ ಏನು ಮಾಡಿದೆನೆಂಬುದನ್ನು ಬಿಡದೆ ಹೇಳುತ್ತೇನೆ. ಕೌದಿಯನ್ನು ಟ್ರಂಕಿನ ಮೇಲಿಂದ ತೆಗೆದೆ. ಹಿಂದಿನ ಪಡಸಾಲೆಯಲ್ಲಿ, ನಾಯಿಗಳು ಮಲಗುವ ಕಡೆ, ನೆಲದ ಮೇಲೆ ಹಾಸಿದೆ. ಒಳಗೆ ಹೋಗಿ ಬೆಣ್ಣೆಯಲ್ಲಿ ಬೆರಳದ್ದಿ ಬಂದು ನಾಲ್ಕನೆಯ ಮೂಲೆಗೆ ಒರೆಸಿದೆ. ಅವ್ವನ ದಡಿ ಇದ್ದ ಮೂಲೆಗೇ. ಆಕೆ ಹೆಸರು ಹಾಕಿಕೊಂಡು ಮೆರೆಯುವುದಕ್ಕಿಂತ ನಾಯಿ ತಿಂದರೇ ವಾಸಿ ಅನ್ನಿಸಿತು. ಚಿಲಕ ತೆಗೆದು ನಾಯಿಗಳನ್ನು ಪಡಸಾಲೆಗೆ ಬಿಟ್ಟು, ಚೀಲ ಹಿಡಿದು ತರಕಾರಿಗೆ ಹೋದೆ. ಬೇಕೆಂದೇ ಪಂಪಮ್ಮನ ಗಾಡಿಯ ಹತ್ತಿರ ಬದನೆಕಾಯಿ ಒಂದೊಂದಾಗಿ ತಿರುಗಿಸಿ ನೋಡುತ್ತ ಹೊತ್ತು ಕಳೆದೆ.

ಹಿಂದಿರುಗಿ ಬಂದು ನೋಡಿದರೆ, ಮದುಮಗಳ ತೋಳು ತಿಂದವು, ಬಾಬಿನ್ ನುಂಗಿದವು, ಎರಡೂ ಕೌದಿಯ ನಡುವೆ ಸುರುಳಿ ಸುತ್ತಿಕೊಂಡು ಮಠದ ಸ್ವಾಮಿಗಳ ಹಾಗೆ ನಿದ್ದೆ ಮಾಡುತ್ತಿದ್ದವು. ಬೆಣ್ಣೆಯನ್ನು ಅಚ್ಚುಕಟ್ಟಾಗಿ ನೆಕ್ಕಿದ್ದವು. ಒಂದು ದಾರವನ್ನೂ ಕಿತ್ತಿರಲಿಲ್ಲ.

ನನ್ನ ತಲೆ ಕೆಟ್ಟುಹೋಯಿತು. ಬೇಡವೆಂದಾಗೆಲ್ಲ ಹರಿದು ಹಾಕುವ ಪ್ರಾಣಿಗಳು ಬೇಕೆಂದಾಗ ಸಭ್ಯರಾಗುವುದೇ! ನಾನು ಮಂಡಿಯೂರಿ ಕೂತು ಆ ಮೂಲೆಯನ್ನು ಹಿಡಿದು ತೂಬಿನ ಮೂತಿಯ ಮುಂದೆ ಆಡಿಸಿದೆ. "ತಗೋ. ತಗೋಲೇ!" ತೂಬು ಒಂದು ಕಣ್ಣು ತೆರೆದು ನನ್ನನ್ನು ನೋಡಿತು. ಎರಡು ವರ್ಷದಲ್ಲಿ ನಾನು ಅದರ ಜೊತೆ ಆಡಿದ್ದು ಅದೇ ಮೊದಲು. ಅದಕ್ಕೆ ಆದ ಸಂತೋಷ ಹೇಳತೀರದು. ಎದ್ದು ಬಾಲ ಅಲ್ಲಾಡಿಸಿ ಮೂಲೆಯನ್ನು ಕಚ್ಚಿತು. ನಾನು ಎಳೆದೆ. ಅದು ಎಳೆಯಿತು. ಕ್ರಸ್ಟ್ ಕೂಡ ಬಂದು ಸೇರಿತು. ಅವು ಆ ಕಡೆ, ನಾನು ಈ ಕಡೆ. ಒಂದು ಹಂತದಲ್ಲಿ ನಾನು ನಗುತ್ತಿದ್ದೆ ಎಂದು ಕಾಣುತ್ತದೆ. ಹಳೆ ಸೀರೆ ಹರಿಯುವ ಸದ್ದು ದೊಡ್ಡದಾಗಿರುವುದಿಲ್ಲ. ಮೂಲೆ ಒಂದು ಮೊಳದಷ್ಟು ಹರಿದು ಜೋತುಬಿತ್ತು.

ಸಂಜೆ ಮುರುಗೇಶ್ ಬಂದು ನೋಡಿ ಗೋಡೆಗೆ ಒರಗಿ ನಿಂತುಬಿಟ್ಟರು.

"ಹೆಂಗಾತು ಗಂಗಾ?"

"ಹೆಂಗಾಗತೈತಿ? ನಿಮ್ಮ ನಾಯಿನ ಕೇಳ್ರಿ," ಎಂದೆ.

ಅವರು ಕೇಳಲಿಲ್ಲ. ನಾಯಿಗಳಿಗೆ ಬೈಯಲೂ ಇಲ್ಲ. ಸುಮ್ಮನೆ ಶ್ರೀವಾಣಿಯ ಮನೆಗೆ ಹೋಗಿ, "ತಪ್ಪು ನಂದು ಮೇಡಂ, ಕಟ್ಟಿ ಹಾಕಬೇಕಿತ್ತು," ಎಂದು ತಲೆ ತಗ್ಗಿಸಿ ಬಂದರು. ಆಮೇಲೆ ಮರಿಯಮ್ಮನಹಳ್ಳಿಯ ತಮ್ಮ ಸೋದರಮಾವನ ಮಗ ಕೊಟ್ರಯ್ಯನಿಗೆ ಫೋನ್ ಮಾಡಿದರು. ಕತ್ತಲಾಗುವ ಮೊದಲೇ ಕೊಟ್ರಯ್ಯನ ಗೂಡ್ಸ್ ಆಟೋ ಬಂತು. ಎಲ್ಲದಕ್ಕೂ "ಆತು" ಎನ್ನುವ ಮನುಷ್ಯ ಮೊದಲ ಸಲ ತಾವೇ ಒಂದು ತೀರ್ಮಾನ ಮಾಡಿದ್ದರು. ಹೊಲದಲ್ಲಿ ಇರಲಿ, ನಿನ್ನ ಕೆಲಸ ಹಾಳಾಗುವುದು ಬೇಡ ಎಂದರು. ತೂಬು ಆಟೋ ಹತ್ತುವಾಗ ನನ್ನ ಸೆರಗು ಕಚ್ಚಿ ಎಳೆಯಿತು. ಆಟ ಇನ್ನೂ ಮುಗಿದಿಲ್ಲ ಎಂದುಕೊಂಡಿರಬೇಕು. ನಾನು ಸೆರಗು ಬಿಡಿಸಿಕೊಂಡೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಶ್ರೀವಾಣಿ ಬಂದರು. ಹರಿದ ಮೂಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅಳಲಿಲ್ಲ. "ಇರ್ಲಿ ಬಿಡ್ರಿ ಗಂಗಕ್ಕ. ಹರದದ್ದು ಹರದದ. ಒಳಗ ಮಡಚಿ ಹಾಕೂಣು. ನೀವು ಸೀರಿ ಉಟ್ಟು ಬರ್ರಿ, ಕಾರು ನಿಂತದ," ಎಂದರು.

ನಾನು ಹೋದೆ. ಯಾಕೆ ಹೋದೆ ಎಂದರೆ ಆಕೆಯ ಹೆಸರಿನ ಕೆಳಗೆ ಹರಿದ ಕೌದಿ ತೂಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಕಲ್ಯಾಣ ಮಂಟಪದ ತುಂಬ ಮೇಜುಗಳು. ಪ್ಲಾಸ್ಟಿಕ್ ಹೂವು, ಮಣಿಯ ಗಣಪತಿ, ಬಾಟಲಿಯ ಮೇಲೆ ಬಣ್ಣ ಬಳಿದು ಅದನ್ನು ಕಲೆ ಎಂದು ಕರೆದವರು. ಒಬ್ಬರ ಕೆಲಸ ಒಬ್ಬರು ಹೊಗಳುತ್ತ, ಹಿಂದೆ ತಿರುಗಿ ಮೂಗು ಮುರಿಯುತ್ತ ಎಲ್ಲರೂ ಓಡಾಡುತ್ತಿದ್ದರು. ನನಗೆ ನಗು ಬಂತು. ಅದು ಉಳಿದದ್ದು ಮೂಲೆಯ ಗೋಡೆಯ ತನಕ. ನಾನು ಸುತ್ತಾಡಿ ಬರುವಷ್ಟರಲ್ಲಿ ಶ್ರೀವಾಣಿ ಅಲ್ಲಿ ನಮ್ಮ ಕೌದಿ ತೂಗುಹಾಕಿದ್ದರು. ಪಕ್ಕದಲ್ಲಿ ದೊಡ್ಡ ಫೋಟೋ: ಚಾಪೆಯ ಮೇಲೆ ಕೂತು ತಲೆ ಬಗ್ಗಿಸಿ ಕೌದಿ ಹೊಲಿಯುತ್ತಿರುವ ನಾನು. ಕೆಳಗೆ ದಪ್ಪ ಅಕ್ಷರದಲ್ಲಿ: "ಕೌದಿ. ಹೊಲಿದವರು: ಗಂಗಾಂಬಿಕಾ ಮುರುಗೇಶ್, ಟಿ.ಬಿ. ಡ್ಯಾಂ. ತಾಯಿಯಿಂದ ಕಲಿತದ್ದು." ಶ್ರೀವಾಣಿಯ ಹೆಸರು ಎಲ್ಲೂ ಇರಲಿಲ್ಲ.

ನಾನು ಮತ್ತೆ ಮತ್ತೆ ಓದಿದೆ. ಓದು ಬಾರದವಳ ಹಾಗೆ ಒಂದೊಂದೇ ಅಕ್ಷರ.

"ಸರ್‌ಪ್ರೈಸ್ ಇರ್ಲಿ ಅಂತ ಹೇಳಿರಲಿಲ್ಲ," ಎಂದರು ಶ್ರೀವಾಣಿ. "ಮೊದಲನೇ ದಿನಾನ ನಿಮ್ಮ ಹೆಸರು ಬರಸೀನಿ."

ಅಷ್ಟರಲ್ಲಿ ತೀರ್ಪುಗಾರರು ಬಂದರು. ಅವರಲ್ಲಿ ಒಬ್ಬರು ಮುದುಕಮ್ಮ ಎಂಬ ಕಂಪ್ಲಿಯ ಕಡೆಯ ಮುದುಕಿ. ಎಂಬತ್ತರ ಹತ್ತಿರ, ಜೀವನವಿಡೀ ಕೌದಿ ಹೊಲಿದವಳು. ಅವಳು ಫೋಟೋ ನೋಡಲಿಲ್ಲ, ಅಕ್ಷರ ನೋಡಲಿಲ್ಲ. ಕೌದಿಯನ್ನು ತಿರುವಿ ಹಿಂಭಾಗದ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಕೈ ಐತಿ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಆಮೇಲೆ ಒಳಗೆ ಮಡಚಿದ್ದ ಮೂಲೆ ಅವಳ ಬೆರಳಿಗೆ ಸಿಕ್ಕಿತು. ಬಿಡಿಸಿ ನೋಡಿದಳು.

"ಇದೇನವಾ?"

"ನಾಯಿ ಹರದಾವ್ರಿ ಅಜ್ಜಿ. ಪಾಪ, ಗಂಗಕ್ಕ ಎರಡು ತಿಂಗಳು ಕೂತು ಹೊಲದಿದ್ರು," ಎಂದರು ಶ್ರೀವಾಣಿ, ನನ್ನ ಪರವಾಗಿ.

ಮುದುಕಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಎರಡು ತಿಂಗಳು ಹೊಲದು ನಾಯಿ ಬಾಯಾಗ ಇಟ್ಟಿ? ಬಾಗಿಲಾ ಹಾಕಾಕ ಬರದಾಕಿ ಸೂಜಿ ಯಾಕ ಹಿಡೀಬೇಕಿತ್ತು? ನಿಮ್ಮವ್ವ ಇದನ್ನ ಕಲಿಸಿದ್ಲೇನು?"

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಒಬ್ಬಾಕೆ "ಅಯ್ಯ ಪಾಪ" ಎಂದಳು.

ಆಮೇಲೆ ನಾನು ಮಾಡಿದ್ದನ್ನು ಪಶ್ಚಾತ್ತಾಪ ಎಂದು ಕರೆದರೆ ಸುಳ್ಳಾದೀತು. ನನಗೆ ಸಹಿಸಲಾಗದ್ದು ಆ "ಪಾಪ". ಅಜಾಗರೂಕಳು, ಬಾಗಿಲು ಹಾಕಲು ಬಾರದವಳು, ಅವ್ವ ಸರಿಯಾಗಿ ಕಲಿಸದವಳು ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಎನ್ನಿಸಿಕೊಳ್ಳುವುದೇ ಮೇಲು ಅನ್ನಿಸಿತು. ಅಷ್ಟು ಸೊಕ್ಕು ನನಗೆ.

"ನಾಯಿ ಅಲ್ಲಜ್ಜಿ. ನಾನ ಹರದಿದ್ದು," ಎಂದೆ.

ಮುದುಕಿಗೆ ಕಿವಿ ಮಂದ. "ಆಂ?"

"ನಾನ ಹರದೀನಿ! ಇವರು ತಮ್ಮ ಹೆಸರು ಹಾಕ್ಕೊಂತಾರ ಅಂತ ತಿಳದು, ನಾಯಿ ಬಾಯಿಗೆ ಕೊಟ್ಟು, ಈ ಕಡಿಂದ ನಾನ ಎಳದೆ. ಬೆಣ್ಣಿ ಹಚ್ಚಿದ್ದೂ ನಾನ."

ಮುದುಕಮ್ಮ ಮೂಲೆಯನ್ನು ಕೈಬಿಟ್ಟಳು. "ಹೊಟ್ಟಿಕಿಚ್ಚಿನಾಕಿ," ಎಂದು, ಸೀರೆಯ ನೆರಿಗೆ ಎತ್ತಿಕೊಂಡು ಮುಂದಿನ ಮೇಜಿಗೆ ನಡೆದಳು. ಆ ದಿನ ಬಹುಮಾನ ಮಣಿಯ ಗಣಪತಿಗೆ ಬಂತು.

ಶ್ರೀವಾಣಿ ನನ್ನನ್ನು ಹೊರಗಿನ ಚಪ್ಪಲಿ ಬಿಡುವ ಜಾಗಕ್ಕೆ ಕರೆದುಕೊಂಡು ಹೋದರು. ಅವರ ಮುಖ ಕೆಂಪಾಗಿತ್ತು.

"ನಾನು ಅಷ್ಟು ಸಣ್ಣಾಕಿ ಅಂತ ತಿಳದಿದ್ರೇನು?"

"ಸಿಲಿಂಡರಿನ ಲಂಗ..." ಎಂದೆ.

"ಹೌದು, ಹೇಳಿದೆ, ನಾನ ಹೊಲದದ್ದು ಅಂತ ಹೇಳಿದೆ! ಬಂದಾಗಿಂದ ಆ ಹೆಂಗಸರು ನನ್ನ ಜೋಡಿ ನೆಟ್ಟಗ ಮಾತಾಡಿರಲಿಲ್ಲ. ಅವತ್ತೊಂದಿನ ಮಾತಾಡಿಸಿದ್ರು. ಆಮ್ಯಾಲ ನನಗ ನಾಚಿಕಿ ಬಂತು. ಅದಕ್ಕ ಈ ಕೌದಿ. ಎರಡು ತಿಂಗಳು ನಿಮ್ಮ ಮನ್ಯಾಗ ಕೂತೆ. ಒಂದು ಸಲನಾದ್ರೂ ಕೇಳಬಾರದಾಗಿತ್ತೇನು? ಬೈದಿದ್ರ ಬೈಸ್ಕೊಂತಿದ್ದೆ. ನಕ್ಕೋತ ಚಹಾ ಕೊಟ್ರಿ, ಒಳಗ ಇಷ್ಟು ವಿಷ ಇಟ್ಕೊಂಡು!"

ಆಕೆ ಒಳಗೆ ಹೋಗಿ ಕೌದಿಯನ್ನು ಗೋಡೆಯಿಂದ ಬಿಚ್ಚಿ ಮಡಚಿಕೊಂಡು ಕಾರು ಹತ್ತಿದರು. ನನ್ನನ್ನು ಕರೆಯಲಿಲ್ಲ. ನಾನು ಬಸ್ ಸ್ಟ್ಯಾಂಡಿಗೆ ನಡೆದು, ಡ್ಯಾಂ ಬಸ್ಸು ಬಿಟ್ಟು, ಮರಿಯಮ್ಮನಹಳ್ಳಿಯ ಬಸ್ಸು ಹತ್ತಿದೆ.

ಕೊಟ್ರಯ್ಯ ಹೊಲದ ಕೊಟ್ಟಿಗೆಯ ಮುಂದೆ ನಿಂತಿದ್ದ. "ಬಾ ಅಕ್ಕ. ಒಂದ ರಾತ್ರಿಗೆ ನನ್ನ ಲುಂಗಿ, ಸ್ಪ್ರೇ ಪಂಪಿನ ಪೈಪು, ನಮ್ಮಾಕಿ ಹೊಸ ಚಪ್ಪಲಿ, ಎಲ್ಲಾ ಮುಗಿಸ್ಯಾವ. ಕರಕೊಂಡು ಹೋಗು, ಪುಣ್ಯ ಬರತೈತಿ," ಎಂದ. ನಾಯಿಗಳನ್ನು ಬೇವಿನ ಮರಕ್ಕೆ ಕಟ್ಟಿದ್ದ. ಹೆದ್ದಾರಿಯ ಲಾರಿಗಳ ಸದ್ದಿಗೆ ತೂಬು ಮರದ ಬುಡಕ್ಕೆ ಅಂಟಿಕೊಂಡು ನಡುಗುತ್ತಿತ್ತು. ನನ್ನನ್ನು ಕಂಡು ಎರಡೂ ಹಗ್ಗ ಹರಿಯುವ ಹಾಗೆ ಜಿಗಿದವು. ಮೋಸ ಮಾಡಿದವಳು ಯಾರೆಂದು ಲೆಕ್ಕ ಇಡುವಷ್ಟು ಬುದ್ಧಿಯೂ ಅವಕ್ಕಿರಲಿಲ್ಲ. ಉಟ್ಟಿದ್ದ ಒಳ್ಳೆಯ ಸೀರೆ ಅಲ್ಲೇ ಕೆಸರಾಯಿತು.

ಕೊಟ್ರಯ್ಯ ಸಂತೋಷದಿಂದ ತಾನೇ ಆಟೋದಲ್ಲಿ ತಂದು ಬಿಟ್ಟ. ಮುರುಗೇಶ್ ಬಾಗಿಲಲ್ಲಿ ನಿಂತಿದ್ದರು. ಸುದ್ದಿ ನನಗಿಂತ ಮೊದಲೇ ಕ್ವಾರ್ಟರ್ಸಿಗೆ ಮುಟ್ಟಿತ್ತು. ನಾಯಿಗಳು ಅವರ ಮೇಲೆ ಹಾರಿದವು. ಅವರು ಅವುಗಳ ತಲೆ ಸವರುತ್ತ ನನ್ನ ಕಡೆ ನೋಡದೆ ಹೇಳಿದರು: "ನಾ ಸಾಹೇಬ್ರ ಹೆಂಡ್ತಿ ಮುಂದ ತಲಿ ತಗ್ಗಿಸಿ ನಿಂತಿದ್ದೆ, ಗಂಗಾ."

"ಗೊತ್ತು."

"ಹೇಳಬೇಕಿತ್ತು ನೀನು."

"ಹೇಳಬೇಕಿತ್ತು," ಎಂದೆ. ಅವರು "ಆತು" ಎನ್ನಲಿಲ್ಲ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆಗಲೇ. ನನ್ನ ಗಂಡನಿಗೆ ಬೆನ್ನೆಲುಬಿಲ್ಲ ಎಂದು ಎಲ್ಲರ ಮುಂದೆ ಆಡಿಕೊಂಡಿದ್ದೆ. ಇತ್ತು, ನನ್ನ ಮೇಲೆ ಉಪಯೋಗಿಸಿರಲಿಲ್ಲ, ಅಷ್ಟೇ.

ಶ್ರೀವಾಣಿ ಮೂರು ವಾರ ನಮ್ಮ ಬೀದಿಗೆ ಕಾಲಿಡಲಿಲ್ಲ. ನಾನು ಒಂದು ಸಲ ಹೋಗಿ ಬಾಗಿಲು ತಟ್ಟಿದೆ. ಒಳಗೆ ಟಿವಿ ಸದ್ದಿತ್ತು, ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅವರೇ ಬಂದರು, ಕೌದಿ ಹೊತ್ತುಕೊಂಡು. ಚಾಪೆಯ ಮೇಲೆ ಹಾಕಿ ಕೂತರು.

"ಮೂಲಿ ಹೊಲಿಯೋದು ಕಲಸ್ರಿ."

"ಕೊಡ್ರಿ, ನಾ ಹೊಲದು ಕೊಡತೀನಿ ಮೇಡಂ," ಎಂದು ಕೈ ಚಾಚಿದೆ.

"ನೀವು ಮುಟ್ಟಬ್ಯಾಡ್ರಿ." ಆಕೆ ಕೌದಿಯನ್ನು ತಮ್ಮ ಕಡೆ ಎಳೆದುಕೊಂಡರು. "ನೀವು ಹೇಳ್ರಿ. ನಾ ಹೊಲೀತೀನಿ."

ಅವ್ವನ ಸೀರೆ, ನನ್ನ ಎರಡು ತಿಂಗಳು, ಆ ಹೆಂಗಸಿನ ಮೊಂಡು ಬೆರಳು. ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಆಕೆ ಸೂಜಿಗೆ ದಾರ ಪೋಣಿಸಿ, ನಾಲಗೆ ಕಚ್ಚಿಕೊಂಡು ಒಂದು ಸಾಲು ಹಾಕಿದರು. ಕ್ರಸ್ಟ್ ಬಂದು ಅವರ ಪಕ್ಕ ಮಲಗಿತು. ಸಾಲು ಹಳ್ಳಿ ರಸ್ತೆಯ ಹಾಗೆ ಎತ್ತೆತ್ತಲೋ ಹೋಗಿತ್ತು. ಮೊದಲಾಗಿದ್ದರೆ "ಚೆಂದ ಆಗೈತ್ರಿ" ಎಂದು, ಆಕೆ ಹೋದ ಮೇಲೆ ಮುರುಗೇಶರ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಸೊಟ್ಟ ಆಗೈತಿ," ಎಂದೆ.

"ಎಲ್ಲಿ?"

"ಎಲ್ಲಾ ಕಡಿ. ಬಿಚ್ರಿ."

ಆಕೆ ನನ್ನನ್ನು ಸಿಟ್ಟಿನಿಂದ ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡು ಬಿಚ್ಚತೊಡಗಿದರು.